ಜೊಹಾನ್ಸ್‌ಬರ್ಗ್‌ನಿಂದ ಐದೂವರೆ ಗಂಟೆ

ಲೊಂಬಾಮೊ ಇಥಿಯೋಪಿಯಾದ ನಮ್ಮ ಹೊಸಾನದಿಂದ ದಕ್ಷಿಣ ಆಫ್ರಿಕಾ ಸೇರಿದ್ದು ಲಾರಿಗಳಲ್ಲಿ ಅಡಗಿ, ಕಾಡಿನಲ್ಲಿ ನಡೆದು, ಮಲಾವಿಯ ಜೈಲಿನಲ್ಲಿ ಒಂದು ಮಳೆಗಾಲ ಕಳೆದು. ವರ್ಷವೇ ಹಿಡಿಯಿತು. ಜೊಹಾನ್ಸ್‌ಬರ್ಗ್‌ನಿಂದ ಅಡಿಸ್ ಅಬಾಬಾಕ್ಕೆ ಆಕಾಶದಲ್ಲಿ ಸುಮಾರು ನಾಲ್ಕು ಸಾವಿರ ಕಿಲೋಮೀಟರು. ಅವನ ಸೋದರಮಾವ ಹಂಡಿಸೊಗೆ ಈ ಲೆಕ್ಕ ಬಾಯಿಪಾಠ.

"ಐದೂವರೆ ಗಂಟೆ ಕಣೋ! ನಾನು ಸಂತೆಗೆ ಹೋಗಿ ಬರೋಕೆ ಅದಕ್ಕಿಂತ ಹೊತ್ತು ಬೇಕು. ನಿಮ್ಮಮ್ಮ ನಿನ್ನನ್ನೇ ಕೇಳ್ತಿದಾಳೆ, ಬಾ," ಎಂದು ಫೋನಿನಲ್ಲಿ ಕರೆದ.

ಬರುವುದು ಸುಲಭ, ಹಿಂದಿರುಗುವುದು ಆಗದು. ಲೊಂಬಾಮೊ ಬಳಿ ಇದ್ದದ್ದು ಆಶ್ರಯ ಕೋರಿದವರ ಕಾಗದ. ತಾಯ್ನಾಡಿಗೆ ಕಾಲಿಟ್ಟರೆ ಅದು ರದ್ದು. ಹೆಂಡತಿ, ಪುಟ್ಟ ಮಗಳು, ಕಬ್ಬಿಣದ ಜಾಲರಿ ಹಾಕಿದ ಸಣ್ಣ ಅಂಗಡಿ, ಎಲ್ಲ ಅಲ್ಲೇ. ಅದಕ್ಕೇ ನೇರವಾಗಿ ಕೇಳಿದ.

"ಮಾಮಾ, ಆಣೆ ಮಾಡಿ ಹೇಳಿ. ಅಮ್ಮ ಬದುಕಿದ್ರೆ ಎಲ್ಲ ಬಿಟ್ಟು ಬರ್ತೀನಿ. ಹೋಗಿಬಿಟ್ಟಿದ್ರೆ ಇಲ್ಲೇ ಕೂತು ಅಳ್ತೀನಿ."

"ಥೂ, ಬಾಯಿ ತೊಳ್ಕೊ! ಬೆಳಿಗ್ಗೆ ತಾನೇ ಕೊಚ್ಚೊ ರೊಟ್ಟಿ ತಿಂದ್ಳು."

"ಹಾಗಾದ್ರೆ ಫೋನ್ ಕೊಡಿ."

"ಗಂಟಲು ಕಟ್ಟಿದೆ. ಬಂದು ಮಾತಾಡು."

ಆಕೆಯನ್ನು ಹೂಳಿ ಆಗಲೇ ವಾರವಾಗಿತ್ತು. ದೂರದಲ್ಲಿರುವವನಿಗೆ ನಮ್ಮವರು ಸಾವು ತಿಳಿಸುವುದಿಲ್ಲ. ಕರೆಸಿಕೊಂಡು, ನಂಟರ ಮನೆಯಲ್ಲಿ ಮಲಗಿಸಿ, ಬೆಳಕು ಹರಿಯುವ ಮುಂಚೆ ಹಿರಿಯರು ಸುತ್ತ ಕುಳಿತು ಹೇಳುತ್ತಾರೆ. ಇದಕ್ಕೆ ಮೆರ್ಡೊ ಎಂದು ಹೆಸರು. ಕರುಣೆ ಎಂದೂ ಹೇಳಿಕೊಳ್ಳುತ್ತಾರೆ.

ಕಾಗದಪತ್ರಕ್ಕೆ ಎರಡು ವಾರ ಅಲೆದು ವಿಮಾನ ಹತ್ತಿದ. ಅಡಿಸ್‌ನಲ್ಲಿ ಇಳಿದಾಗ ನಂಟರೆಲ್ಲ ನಗುತ್ತ ನಿಂತಿದ್ದರು. "ಏನೋ ಹೊಟ್ಟೆ! ಅಲ್ಲಿ ಬಿಸ್ಕತ್ತು ಮಾರ್ತೀಯೋ, ತಿಂತೀಯೋ?" ಎಂದು ಹಂಡಿಸೊ ತಿವಿದ.

ರಾತ್ರಿ ನಂಟರ ಮನೆಯಲ್ಲಿ ಮಲಗಿದವನು ನಸುಕಿನಲ್ಲಿ ಕಣ್ಣು ಬಿಟ್ಟರೆ ಕೋಣೆ ತುಂಬ ಜನ. ಹೆಂಗಸರು ಬಿಳಿ ಶಾಲಿನ ಅಂಚನ್ನು ಕತ್ತಿನ ಬಳಿಗೆ ತಿರುವಿ ಹೊದ್ದಿದ್ದರು. ಹಾಗೆ ಹೊದೆಯುವುದು ಸೂತಕದಲ್ಲಿ.

"ಯಾವಾಗ?" ಎಂದ ಲೊಂಬಾಮೊ.

"ಮೂರು ವಾರ ಆಯ್ತಪ್ಪ."

"ನಾನು ಕೇಳಿದ್ದೆನಲ್ಲ ಮಾಮಾ."

"ಫೋನಲ್ಲಿ ಹೇಳೋಕೆ ನಾವೇನು ಪ್ರಾಣಿಗಳಾ? ನೀನು ಅಲ್ಲಿ ಒಬ್ಬನೇ ಕುಸಿದು ಬಿದ್ದಿದ್ರೆ?"

"ಒಬ್ಬನೇನಾ? ನನ್ನ ಹೆಂಡ್ತಿ, ಮಗು ಅಲ್ಲೇ ಇದ್ರಲ್ಲ."

ಅವನು ಅಳಲಿಲ್ಲ. ಅಳಿಸಲೆಂದೇ ಬಂದಿದ್ದವರಿಗೆ ಅದು ಅವಮಾನವಾಯಿತು.

ಈಗ ಅವನು ಹೊಸಾನದಲ್ಲಿ ಆಟೋ ಓಡಿಸುತ್ತಾನೆ. ಹೆಂಡತಿಯ ಫೋನು ಮೊದಮೊದಲು ದಿನವೂ ಬರುತ್ತಿತ್ತು, ಆಮೇಲೆ ಹಬ್ಬಕ್ಕೊಮ್ಮೆ. ಅಂಗಡಿಯಲ್ಲಿ ಈಗ ಬೇರೊಬ್ಬ ಕೂರುತ್ತಾನೆ. ಮಗಳು ಅವನನ್ನೇ ಅಪ್ಪ ಎನ್ನುತ್ತಾಳಂತೆ.

ಹೋದ ವರ್ಷ ಪಕ್ಕದ ಮನೆಯ ಲಾಪಿಸೊ ತೀರಿಕೊಂಡ. ಡರ್ಬನ್‌ನಿಂದ ಮಗ ಫೋನ್ ಮಾಡಿದಾಗ ಮನೆಯವರು ಅದೇ ಐದೂವರೆ ಗಂಟೆಯ ಮಾತು ಎತ್ತಿದರು. ಅಲ್ಲೇ ಕೂತಿದ್ದ ಲೊಂಬಾಮೊ ಫೋನು ಕಿತ್ತುಕೊಂಡ. "ನಿಮ್ಮಪ್ಪ ಸತ್ತ. ಹೂತಾಯ್ತು. ಬರಬೇಡ."

ಸತ್ತವರ ಮನೆಯ ಕೆಲಸವನ್ನೆಲ್ಲ ನೋಡಿಕೊಳ್ಳುವ ಊರಿನ ಸಾವಿನ ಸಂಘದವರು ಸಭೆ ಸೇರಿ ಅವನನ್ನು ಹೊರಗೆ ಹಾಕಿದರು. ಇನ್ನು ಅವನ ಮನೆಯಲ್ಲಿ ಸಾವಾದರೆ ಅಳಲು ಬಂದವರಿಗೆ ಡೇರೆ ಹಾಕಲು ಯಾರೂ ಹೋಗುವಂತಿಲ್ಲ. ಆ ಮನೆಯಲ್ಲಿ ಇರುವುದು ಅವನೊಬ್ಬನೇ.