ಆ ಸಿನಿಮಾ ನೋಡಿ ಬಂದ ವಾರ

ದೆವ್ವದ ಸಿನಿಮಾ ಎಂದರೆ ನಾನು ದುಪಟ್ಟಾ ಕಣ್ಣಿಗೆ ಅಡ್ಡ ಹಿಡಿದು ಕೂರುವವಳು. ಆದರೂ ಆ ಶನಿವಾರ ಮಧ್ಯಾಹ್ನ ಲಿನ್‌ವುಡ್‌ನ ಥಿಯೇಟರಿಗೆ ಯಜಮಾನರನ್ನು ನಾನೇ ಹೊರಡಿಸಿದೆ. ಮೂರು ತಿಂಗಳಿಂದ ಅವರು ಆಫೀಸಿನ ಕಾಲ್ ಇದೆ ಎಂದು ಬೇರೆ ಕೋಣೆಯಲ್ಲಿ ಮಲಗುತ್ತಿದ್ದರು. ನನ್ನನ್ನು ಬಿಟ್ಟು ಹೋಗುತ್ತಾರೇನೋ ಎಂಬ ಭಯ, ಕೇಳುವ ಧೈರ್ಯವಿಲ್ಲ. ಎರಡು ಗಂಟೆ ಪಕ್ಕದಲ್ಲಿ ಕೂತರೆ ಸಾಕು ಅನ್ನಿಸಿತ್ತು.

ಸಿನಿಮಾದಲ್ಲೂ ಗಂಡ ಹೆಂಡತಿಗೆ ಸರಿಯಿಲ್ಲ. ಹೆಂಡತಿಯ ಅಜ್ಜಿ ಪಶ್ಚಿಮ ಆಫ್ರಿಕಾದವಳು, ತೀರಿಕೊಂಡಿದ್ದಾಳೆ. ಮೊಮ್ಮಗಳು ಅಡುಗೆಮನೆಯ ಮೂಲೆಯಲ್ಲಿ ಬಿಳಿ ಬಟ್ಟೆ ಹಾಸಿ ಅಜ್ಜಿಗೆಂದು ಒಂದು ಲೋಟ ನೀರು, ಬೇಯಿಸಿದ ಅಲಸಂದೆ ಕಾಳು ಇಡುತ್ತಾಳೆ. ಗಂಡ ನಾಚಿಕೆಪಟ್ಟು ಎಲ್ಲವನ್ನೂ ಕಸದ ಡಬ್ಬಿಗೆ ಸುರಿಯುತ್ತಾನೆ. ಅಂದಿನಿಂದ ಮನೆಯಲ್ಲಿ ಯಾರೋ ಓಡಾಡುವ ಸದ್ದು.

ಸತ್ತವರನ್ನು ಕರೆಯುವುದು ಪಾಪ ಎಂದು ಚಿಕ್ಕಂದಿನಲ್ಲಿ ನನಗೆ ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದರು. ನನಗೋ, ಆ ಕಾಳಿಗೆ ಉಪ್ಪು ಹಾಕಿದ್ದಾಳೋ ಇಲ್ಲವೋ ಎಂಬ ಯೋಚನೆ. ಮೆಟ್ಟಿಲ ಮೇಲೆ ಅಜ್ಜಿ ಕಾಣಿಸಿಕೊಂಡು ಎಲ್ಲರೂ ಕಿರುಚಿದಾಗ ಇವರ ಕೈ ಹಿಡಿದೆ. ಇವರು ನೋವಾಗದ ಹಾಗೆ, ಮೆಲ್ಲಗೆ, ನನ್ನ ಒಂದೊಂದೇ ಬೆರಳು ಬಿಡಿಸಿದರು. ಮೈ ತಣ್ಣಗಾದದ್ದು ಆಗ.

ಕಾರಿನಲ್ಲಿ, "ರೀ, ಏನಾದ್ರೂ ಹೇಳೋದಿದ್ರೆ ಹೇಳ್ಬಿಡಿ" ಎಂದೆ.

"ಆ ಅಜ್ಜಿ ನಿನ್ನ ಮೈಮೇಲೆ ಬಂದ್ರಾ? ಡ್ರೈವ್ ಮಾಡಕ್ಕೆ ಬಿಡು ತಾಯಿ."

ವಾರ ಕಳೆದು ಮಹಾಲಯ ಅಮಾವಾಸ್ಯೆ. ಅತ್ತೆಯ ಫೋಟೋ ಮುಂದೆ ಹೊಸ ಸೀರೆ, ಒಂದು ಲೋಟ ನೀರು ಇಟ್ಟು, ಎಲೆಯಲ್ಲಿ ಕಜ್ಜಾಯ, ವಡೆ ಎಡೆ ಹಾಕಿದೆ. ಸ್ಮೋಕ್ ಅಲಾರಮ್‌ಗೆ ಶವರ್ ಕ್ಯಾಪ್ ತೊಡಿಸಿ ಧೂಪ ಹಾಕಿದೆ. ನಮ್ಮಲ್ಲಿ ಮಗನಾದವನು ಫೋಟೋ ಮುಂದೆ ನಿಂತು, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ ಎಂದು ಕೇಳಿಕೊಳ್ಳಬೇಕು. ಆಮೇಲೆ ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯಬೇಕು. ಬಾಗಿಲು ಮುಚ್ಚುವವರೆಗೆ ಬೇರೆಯವರು ಮಾತಾಡುವಂತಿಲ್ಲ.

ಪ್ರತಿವರ್ಷ ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದವರು ಈ ಸಲ ಕೈಮುಗಿದು ನಿಂತೇ ಇದ್ದರು. ಹಿಂದಿನಿಂದ ನೋಡಿದರೆ ಕಿವಿ ಕೆಂಪಾಗಿತ್ತು.

"ಅಮ್ಮಾ, ಈಸ್ಟ್‌ಗೇಟಲ್ಲಿ ಅಪಾರ್ಟ್‌ಮೆಂಟ್ ನೋಡಿದೀನಿ. ಒಬ್ಬನೇ ಇರ್ತೀನಿ. ಇವಳಿಗೆ ಹೇಳಕ್ಕೆ ಆಗ್ತಿಲ್ಲ."

ನಾನು ಪಾಯಸದ ಬಟ್ಟಲು ಹಿಡಿದು ನಿಂತಿದ್ದೆ. ಅದನ್ನು ಎಲೆಯ ಪಕ್ಕದಲ್ಲಿಟ್ಟೆ. ಹೊರಗೆ ಬಂದೆವು. ಅವರು ಬಾಗಿಲೆಳೆದರು.

"ಯಾವತ್ತು ಹೋಗೋದು?"

"ಒಂದನೇ ತಾರೀಕು."

"ಅತ್ತೆ ಏನಂದ್ರು?"

ಅವರು ನಗಲಿಲ್ಲ. ಬಾಗಿಲನ್ನೇ ನೋಡುತ್ತ ನಿಂತರು. ಒಳಗೆ ಲೋಟ ಅಲುಗಿದಂತಾಯಿತು. ಕೆಳಗಿನ ರಸ್ತೆಯಲ್ಲಿ ದೊಡ್ಡ ಟ್ರಕ್ ಹೋಗಿರಬೇಕು. ಇಬ್ಬರೂ ಉಸಿರು ಹಿಡಿದೆವು.

ಹದಿನೈದು ನಿಮಿಷ ದಾಟಿತು.

"ತೆಗಿ ಇನ್ನ" ಎಂದರು.

ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟೆ. ತೆಗೆದರೆ ಇಬ್ಬರೂ ಎದುರುಬದುರು ಕೂತು ಊಟ ಮಾಡಬೇಕಿತ್ತು. ಕೈ ತಿರುಗಲಿಲ್ಲ.