ಬನೀನು ಬಿಚ್ಚದ ಮದುಮಗ

ನನ್ನ ಮದುವೆಯ ಸುರಗಿ ನೀರಿಗೆ ನಾನು ಬನೀನು ಹಾಕಿಕೊಂಡೇ ಕೂತೆ. ಕೊಟ್ಟೂರಿನ ನಮ್ಮ ಮನೆಯಂಗಳದಲ್ಲಿ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ದಾರ ಸುತ್ತಿ, ನಡುವೆ ಮಣೆ ಹಾಕಿದ್ದರು. ಮದುಮಗ ಬರಿಮೈಯಲ್ಲಿ ಕೂರಬೇಕು, ಮುತ್ತೈದೆಯರು ಅರಿಷಿಣ ಹಚ್ಚಿ ನೀರು ಸುರಿಯಬೇಕು.

“ಬನೀನು ತಗಿಯೋ ನಮ್ಮಪ್ಪಾ, ಅರಿಷಿಣ ಎಲ್ಲಿ ಹಚ್ಚೋಣು?” ಎಂದಳು ಸೋದರತ್ತೆ.

“ನೆಗಡಿ ಆಗೇತಿ ಅತ್ತಿ.”

“ಕಡ್ಡಿ ಪೈಲ್ವಾನಗ ನಾಚಿಕಿ ನೋಡ್ರೇ!”

ಎಲ್ಲರೂ ಹೋ ಎಂದು ನಕ್ಕರು. ನೀರು ಬಿದ್ದಿದ್ದೇ ತಡ, ಬನೀನು ಮೈಗೆ ಅಂಟಿ ಪಕ್ಕೆಲುಬು ಒಂದೊಂದೂ ಎದ್ದು ಕಂಡವು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಆಗ ನನಗೆ ಇಪ್ಪತ್ತೊಂಬತ್ತು. ಟೈಲ್ಸ್ ಅಂಗಡಿಯಲ್ಲಿ ಕೆಲಸ. ಚಾದಂಗಡಿಯಲ್ಲಿ ಗೆಳೆಯರು ಹೆಣ್ಣಿನ ಕಥೆ ಬಿಚ್ಚಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ. ಒಂದು ಹೆಣ್ಣಿನ ಬೆರಳು ಸಹ ಮುಟ್ಟಿದವನಲ್ಲ. ಮೊಬೈಲಿನಲ್ಲಿ ಕಾಣುವ ಗಂಡಸರ ಎದೆ, ತೋಳು ನೋಡಿ ನನ್ನದನ್ನು ನೋಡಿಕೊಂಡರೆ ಅಳು ಬರುತ್ತಿತ್ತು.

ಪ್ರಸ್ತದ ದಿನ “ದಣಿವಾಗೇತಿ” ಎಂದು ಗೋಡೆಯ ಕಡೆ ತಿರುಗಿ ಮಲಗಿದೆ. ಮರುದಿನವೂ ಅದೇ. ಹಾಗೇ ಆಷಾಢ ಬಂತು, ಹೆಂಡತಿ ತವರುಮನೆ ತಂಬ್ರಹಳ್ಳಿಗೆ ಹೊರಟಳು.

“ಪಂಚಮಿ ಆದಮ್ಯಾಲ ಕರಕೊಂಡು ಹೋಗಾಕ ಬರ್ತೀರಿಲ್ರಿ?” ಎಂದು ಕೇಳಿದಳು. ಬರುತ್ತೇನೆ ಎಂದೆ.

ಹೋಗಲಿಲ್ಲ. ಹಗರಿಬೊಮ್ಮನಹಳ್ಳಿಗೆ ಹೋಗಿ ಮೈ ದಪ್ಪ ಮಾಡುವ ಪೌಡರಿನ ಡಬ್ಬಿ ತಂದೆ, ಜಿಮ್ಮಿಗೆ ಸೇರಿದೆ. ಸ್ವಲ್ಪ ಮೈ ಬರಲಿ, ಆಮೇಲೆ ಕರೆತಂದರಾಯಿತು ಎಂದುಕೊಂಡೆ. ಆ ಹಾಳು ಪೌಡರಿಗೆ ಹೊಟ್ಟೆ ಕೆಟ್ಟು, ಇದ್ದ ಮೈಯೂ ಇಳಿಯಿತು. ಪಂಚಮಿ ಹೋಯಿತು, ದಸರೆ ಹೋಯಿತು. ಅವಳು ಫೋನ್ ಮಾಡಿದಾಗೆಲ್ಲ ಅಂಗಡಿಯಲ್ಲಿ ಕೆಲಸ ಎಂದೆ. ಕೊನೆಗೆ ಅವಳು ಫೋನ್ ಮಾಡುವುದನ್ನೇ ಬಿಟ್ಟಳು.

ದೀಪಾವಳಿ ಕಳೆದ ಮೇಲೆ ಹಿರಿಯರು ಅವಳ ಮನೆಯಲ್ಲಿ ಕೂಡಿದರು.

“ನಮ್ಮ ಹುಡುಗಿದು ಏನ್ ತಪ್ಪೈತಿ, ಹೇಳಿಬಿಡ್ರಿ ಅಳಿಯಂದ್ರ,” ಎಂದರು ಅವಳ ಅಪ್ಪ.

ನಾನು ತಲೆ ಎತ್ತಲಿಲ್ಲ. ನನ್ನ ದೊಡ್ಡಪ್ಪನೇ ಬಾಯಿ ಹಾಕಿದ. “ಹುಡುಗ ಸುಮ್ಮನದಾನ ಅಂದ್ರ ಹುಡುಗಿ ಮೈಯಾಗ ಏನೋ ಐಬು ಐತಿ. ಹೇಳಾಕ ನಾಚ್ತಾನ.”

ಅವಳ ಅಪ್ಪನ ಮುಖ ನೋಡಲಾಗಲಿಲ್ಲ. ಕೈ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಎದ್ದು ಹೋದೆ. ಅವಳು ಅಲ್ಲಿ ಚಹಾದ ಕಪ್ಪು ತೊಳೆಯುತ್ತಿದ್ದಳು. ಒಳಗಿನ ಮಾತೆಲ್ಲ ಕೇಳಿಸಿತ್ತು.

“ನಿಂದೇನೂ ತಪ್ಪಿಲ್ಲ,” ಎಂದೆ. “ಈ ಮೈ ನಿನಗ ತೋರ್ಸಾಕ ನಾಚಿಕಿ. ನನಗ ಏನೂ ಗೊತ್ತಿಲ್ಲ. ಅಂಜಿಕಿ ಆಗಿತ್ತು.”

ಅವಳ ಕೈ ನಿಂತಿತು.

“ನನಗೂ ಅಂಜಿಕಿ ಆಗಿತ್ರಿ. ನನ್ನ ನೋಡಿ ಹೇಸಿಗಿ ಪಟ್ಕೊಂಡ್ರೇನೋ ಅಂತ ಇಷ್ಟು ದಿನ ಅತ್ತೀನಿ.” ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಇದನ್ನ ಒಳಗ ಹೋಗಿ ಹೇಳ್ರಿ. ಹೇಳಿದ್ರ ಇವತ್ತ ನಿಮ್ಮ ಸಂಗಾಟ ಬರ್ತೀನಿ.”

ಹೇಳೇಬಿಡುತ್ತೇನೆ ಎಂದು ಸಂತೋಷದಿಂದ ತಿರುಗಿದೆ. ಒಳಗೆ ಬಂದೆ. ಎಂಟು ಮಂದಿ ಗಂಡಸರು ಒಟ್ಟಿಗೇ ನನ್ನತ್ತ ತಿರುಗಿದರು. ಅವಳು ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

“ಏನಪಾ, ಏನರ ಹೇಳೋದು ಐತೇನು?” ಎಂದ ದೊಡ್ಡಪ್ಪ.

“ಏನಿಲ್ಲ,” ಎಂದೆ.