ನನಗೊಬ್ಬಳಿಗೇ ಬರುತ್ತಿದ್ದ ವಾಸನೆ

ಮೊದಲು ಬಂದದ್ದು ನೋವಲ್ಲ. ವಾಸನೆ.

ಕಮಲಾಪುರದ ನಮ್ಮ ಮನೆಯ ಹಿಂದೆ ಬಾಳೆಗೊನೆ ಹಣ್ಣು ಮಾಡುವ ಕೋಣೆಯಿದೆ. ಕಿಟಕಿಯಿಲ್ಲ. ತೋಟಗಳಿಂದ ಕೆಂಪು ಬಾಳೆ ಕೊಂಡು ತಂದು, ಒಣ ಎಲೆ ಹೊದಿಸಿ, ಹೊಗೆ ಕೊಟ್ಟು ಬಾಗಿಲು ಮುಚ್ಚುವುದು ನಮ್ಮ ಮನೆಯವರ ಕೆಲಸ. ಬಾಗಿಲು ತೆರೆದು, ಮೂಗಿನಿಂದಲೇ ಹದ ತಿಳಿದು, ಯಾವ ಗೊನೆ ಇವತ್ತು ಕಲಬುರಗಿಗೆ ಹೋಗಬೇಕು, ಯಾವುದು ಇನ್ನೂ ಕಾಯಬೇಕು ಎಂದು ಹೇಳುವುದು ನನ್ನದು. ಮದುವೆಯಾಗಿ ಬಂದಾಗಿನಿಂದ ಹಾಗೇ ನಡೆದಿತ್ತು.

ಹೋದ ವರ್ಷದ ಹಿಂದಿನ ಚಳಿಗಾಲ. ಒಂದು ಬೆಳಿಗ್ಗೆ ಬಾಗಿಲು ತೆರೆದೆ. ಹಣ್ಣಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ಏನೋ ಸತ್ತು ಕೊಳೆಯುತ್ತಿರುವಂಥದ್ದು.

ಇಲಿ ಎಂದುಕೊಂಡೆವು. ಗೊನೆಗಳನ್ನು ಹೊರಗೆ ಹಾಕಿ ಎಲೆಯನ್ನೆಲ್ಲ ಗುಡಿಸಿದೆವು. ಮೂಲೆಯಲ್ಲಿ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಎಬ್ಬಿಸಿಯೂ ನೋಡಿದೆವು. ಕೆಳಗೆ ಒಣ ಮಣ್ಣು, ಅಷ್ಟೆ.

"ನನಗೇನೂ ಬರವಲ್ದು ನೋಡು," ಎಂದರು ಇವರು.

ನನಗೆ ಬರುತ್ತಿತ್ತು.

ಆಮೇಲೆ ಅದು ಕೋಣೆ ಬಿಟ್ಟು ಅಡುಗೆಮನೆಗೆ ಬಂತು. ಬಿಸಿ ರೊಟ್ಟಿಯಲ್ಲಿ, ದಿಂಬಿನಲ್ಲಿ, ಆಗಷ್ಟೇ ಒಗೆದು ಒಣಗಿಸಿದ ಸೀರೆಯಲ್ಲಿ. ತವರಿಗೆ ಹೋದರೆ ಅಲ್ಲಿಯೂ ನನಗಿಂತ ಮೊದಲೇ ಬಂದು ಕೂತಿತ್ತು. ಬಗ್ಗಿದರೆ ಎಡಗಣ್ಣಿನ ಕೆಳಗೆ ಕಲ್ಲಿಟ್ಟಂತೆ ಭಾರ. ನೆಗಡಿ ಇರಬೇಕೆಂದು ಮಾತ್ರೆ ನುಂಗಿದೆ. ಈ ಭಾರಕ್ಕೂ ಆ ವಾಸನೆಗೂ ನಂಟಿದೆ ಎಂದು ಹೊಳೆಯಲೇ ಇಲ್ಲ.

ಒಂದು ಮಧ್ಯಾಹ್ನ ಅತ್ತೆಗೆ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಂತಿತು.

"ನಮ್ಮ ನಾದಿನಿ ಆ ಕ್ವಾಣ್ಯಾಗೇ ಬಾಣಂತಿ ಇದ್ದಳವ್ವ. ಆಕೀಗೂ ಹಿಂಗೇ ಯಾರಿಗೂ ಬರಲಾರದ ವಾಸನಿ ಬರ್ತಿತ್ತು."

"ಆಮ್ಯಾಲ ಏನಾತ್ರಿ?"

ಅತ್ತೆ ಮತ್ತೆ ಕಾಯಿ ಸುಲಿಯತೊಡಗಿದರು.

ಅವತ್ತಿನಿಂದ ಬಾಗಿಲಿಗೆ ನಿಂಬೆಹಣ್ಣು, ನನ್ನ ತೋಳಿಗೆ ದಾರ. ನಾನು ಹಗಲಲ್ಲೂ ಆ ಕೋಣೆಗೆ ಒಬ್ಬಳೇ ಹೋಗುವುದನ್ನು ಬಿಟ್ಟೆ. ನಟ್ಟನಡು ಬಿಸಿಲಿನಲ್ಲಿ ಅಂಗಳದಲ್ಲಿ ನಿಂತಿದ್ದರೂ ಯಾರೋ ಬೆನ್ನ ಹಿಂದೆ ತೀರ ಸಮೀಪ ಬಂದು ಉಸಿರು ಬಿಟ್ಟಂತೆ ಅನಿಸುತ್ತಿತ್ತು. ತಿರುಗಿದರೆ ಯಾರೂ ಇರುತ್ತಿರಲಿಲ್ಲ. ವಾಸನೆ ಮಾತ್ರ ಇರುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಮಗಳಿಗೆ ತಲೆ ಬಾಚುತ್ತಿದ್ದೆ. ಅವಳು ಆಗ ಒಂದನೇ ಕ್ಲಾಸು. ಬೈತಲೆ ತೆಗೆಯಲು ಮುಖ ಹತ್ತಿರ ತಂದೆ. ಅವಳು ಮೂಗು ಮುಚ್ಚಿಕೊಂಡಳು.

"ಯವ್ವಾ, ಆ ವಾಸನಿ ನಿನ್ನ ಮೂಗಿನಾಗಿಂದ ಬರಾಕತ್ತದ."

ಅಂಗೈಯನ್ನು ಮೂಗಿಗೆ ಅಡ್ಡ ಹಿಡಿದು ಉಸಿರು ಬಿಟ್ಟು ನೋಡಿದೆ.

ನೆಲ ಅಗೆದು ಹುಡುಕಿದ್ದೆ. ಅದು ನನ್ನೊಳಗಿತ್ತು.

ಇವರನ್ನು ಕೇಳಿದೆ. "ಮೊದಲ ಬರ್ತಿರಲಿಲ್ಲ, ಖರೇನs. ಈಗೀಗ ಬರ್ತದ. ಹೆಂಗ ಹೇಳ್ಲಿ ನಿನಗ?" ಎಂದರು. ಇಷ್ಟು ದಿನ ಮಗ್ಗುಲಲ್ಲೇ ಮಲಗಿ, ಒಂದು ಮಾತಾಡದೆ, ಮುಖ ಕೂಡ ತಿರುಗಿಸದೆ ಇದ್ದ ಮನುಷ್ಯ. ಅವರ ಮೇಲೆ ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ.

ಮರುದಿನವೇ ಕಲಬುರಗಿಯ ಬಸ್ಸು ಹತ್ತಿದೆವು. ಸೂಪರ್ ಮಾರ್ಕೆಟ್ ಹತ್ತಿರದ ಇಎನ್‌ಟಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ನನ್ನ ತಲೆಬುರುಡೆಯನ್ನು ನಾನು ಅದೇ ಮೊದಲು ನೋಡಿದ್ದು. ಬಲಗೆನ್ನೆಯ ಒಳಗೆ ಕಪ್ಪು ಪೊಳ್ಳು. ಎಡಗಡೆ ಬೆಳ್ಳಗೆ, ಮಂಜು ತುಂಬಿದಂತೆ.

"ಇದು ಸೈನಸ್. ಗಾಳಿ ಇರೋ ಕೋಣೆ. ನಿಮಗ ಕೀವು ತುಂಬೇದ," ಎಂದರು ಡಾಕ್ಟರು.

ಕೋಣೆ ಎಂದರು.

ಆ್ಯಂಟಿಬಯೋಟಿಕ್ ಆಯಿತು. ಸಿಟಿ ಸ್ಕ್ಯಾನ್ ಆಯಿತು. ಎಂಡೋಸ್ಕೋಪಿಯಿಂದ ಆಪರೇಶನ್ ಆಯಿತು. ಮಳೆಗಾಲದವರೆಗೆ ಚೆನ್ನಾಗಿದ್ದೆ. ಅತ್ತೆ ದಾರ ಬಿಚ್ಚಿದರು. ಶ್ರಾವಣದಲ್ಲಿ ಒಂದು ದಿನ ಹಾಲು ಕಾಯಿಸುತ್ತಿದ್ದೆ.

ಅದು ಮತ್ತೆ ಬಂದಿತ್ತು.

ಈ ಸಲ ಡಾಕ್ಟರು ಯಾವ ಕ್ರಿಮಿ ಎಂದು ತಿಳಿಯಲು ಕೀವನ್ನು ಕಲ್ಚರ್‌ಗೆ ಕಳಿಸಿದರು. ರಿಪೋರ್ಟ್ ಬಂದ ಮೇಲೆ ಕೂರಿಸಿಕೊಂಡು ಹೇಳಿದರು: "ನೋಡ್ರಿ ಅಮ್ಮಾ, ಈ ಕ್ರಿಮಿ ಗೋಡೆಗೆ ಪಾಚಿ ಹಿಡಿದಂಗ ಹಿಡಿದದ. ಗುಳಿಗಿ ಅದರ ತನಕ ಮುಟ್ಟವಲ್ದು. ತೊಳದs ತೆಗೀಬೇಕು. ಉಪ್ಪುನೀರಿನಾಗ ಅಯೋಡಿನ್ ಔಷಧಿ ಸ್ವಲ್ಪೇ ಕೂಡಿಸಿ ಕೊಡ್ತೀನಿ. ಎಲ್ಲರಿಗೂ ಆಗಿಬರ್ತದಂತಲ್ಲ. ನೋಡೋಣು." ಮೊದಲು ಥೈರಾಯ್ಡ್‌ಗೆ ರಕ್ತ ಪರೀಕ್ಷೆ ಮಾಡಿಸಿದರು. ಕುದಿಸಿ ಆರಿಸಿದ ನೀರೇ ಆಗಬೇಕು, ನಿಮ್ಮ ಮನಸ್ಸಿಗೆ ಬಂದಂತೆ ಔಷಧಿ ಹೆಚ್ಚು ಮಾಡಬಾರದು ಎಂದು ಇವರಿಗೂ ಎಚ್ಚರಿಸಿದರು. ಗಾಯಕ್ಕೆ ಹಚ್ಚುವ ಔಷಧಿಯನ್ನು ಮೂಗಿಗೆ ಹಾಕುವುದೆಂದರೆ ನನಗೆ ನಂಬಿಕೆಯೇ ಬರಲಿಲ್ಲ.

ಬಚ್ಚಲಿನಲ್ಲಿ ಬಗ್ಗಿ, ಬಾಯಿಂದ ಉಸಿರಾಡುತ್ತ, ಪಿಚಕಾರಿಯನ್ನು ಮೂಗಿಗಿಟ್ಟು ಒತ್ತುವುದು. ನೀರಿನ ಬಣ್ಣ ತೆಳು ಚಹಾದ್ದು. ಮೊದಲ ದಿನ ಮುಳುಗಿ ಸಾಯುತ್ತೇನೆ ಅನಿಸಿತು. ಕಣ್ಣಿನ ಹಿಂದೆ ನೀರು ನಡೆದು ಹೋಗುವುದು ತಿಳಿಯುತ್ತಿತ್ತು. ಅಲ್ಲಿ ಸ್ವಲ್ಪ ನಿಂತು, ಸುತ್ತಿ, ಇನ್ನೊಂದು ಹೊಳ್ಳೆಯಿಂದ ಇಳಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಕಸ ಗುಡಿಸಲು ಬಗ್ಗಿದರೆ ಮೂಗಿನಿಂದ ಥಟ್ಟನೆ ಕಂದು ನೀರು ಸುರಿಯುತ್ತಿತ್ತು. ಅಷ್ಟು ಹೊತ್ತು ಅದು ನನ್ನ ಮುಖದಲ್ಲಿ ಎಲ್ಲಿ ಕೂತಿತ್ತು?

ಅತ್ತೆ ಬಚ್ಚಲ ಬಾಗಿಲ ಹೊರಗೆ ನಿಂತಿರುತ್ತಿದ್ದರು. "ಹುಷಾರವ್ವ. ಸಾವಕಾಶ," ಎನ್ನುತ್ತಿದ್ದರು. ಅವರ ನಾದಿನಿಗೆ ಏನಾಗಿತ್ತೆಂದು ಅವರು ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಗಣಪತಿ ಹಬ್ಬದ ಹೊತ್ತಿಗೆ ಒಂದು ದಿನ ನೀರಿನ ಜೊತೆ ಏನೋ ಜಾರಿ ಬಂತು. ಬೂದು ಹಸಿರು, ಬೆರಳಿನಷ್ಟು ಉದ್ದ. ಒಂದು ಕಡೆ ಬಾಗಿತ್ತು, ಒಳಗಿನ ಗೋಡೆಯ ಅಚ್ಚು ತೆಗೆದಂತೆ. ಬಚ್ಚಲ ಕಲ್ಲಿನ ಮೇಲೆ ಬಿದ್ದಿದ್ದ ಅದನ್ನು ನೋಡುತ್ತ ನಿಂತೆ. ನನ್ನ ಊಟ, ನನ್ನ ಉಸಿರು, ನನ್ನ ನಿದ್ದೆ ಎಲ್ಲವನ್ನೂ ಹಂಚಿಕೊಂಡು ಬದುಕಿದ್ದು ಇದು. ತಂಬಿಗೆ ನೀರು ಸುರಿದೆ. ಹೋಗಲಿಲ್ಲ. ಮತ್ತೊಂದು ಸುರಿದೆ.

ವಾಸನೆ ಹೋಯಿತು. ಅದರೊಂದಿಗೆ ಎಲ್ಲ ವಾಸನೆಯೂ ಹೋಯಿತು.

ಅದು ಇನ್ನೊಂದು ಥರದ ಭಯ. ಹಣ್ಣಿನ ಕೋಣೆಯ ಬಾಗಿಲು ತೆರೆದರೆ ಏನೂ ಇಲ್ಲ. ಮಗಳ ತಲೆಗೆ ಎಣ್ಣೆ ಹಚ್ಚಿದರೆ ಏನೂ ಇಲ್ಲ. ಪಕ್ಕದಲ್ಲೇ ಪಲ್ಯ ಸೀದು ಕರಕಲಾದರೂ ಹೊಗೆ ಕಂಡ ಮೇಲೆಯೇ ಗೊತ್ತಾಯಿತು. ಎಲ್ಲರೂ ಇರುವ ಮನೆಯಲ್ಲಿ ನಾನೊಬ್ಬಳು ಗಾಜಿನ ಆಚೆ ನಿಂತಂತಿದ್ದೆ. ಊತ ಇಳಿಯಬೇಕು, ತಾಳ್ರಿ ಎಂದರು ಡಾಕ್ಟರು. ಬರುತ್ತದೆ ಎಂದು ಮಾತ್ರ ಹೇಳಲಿಲ್ಲ.

ದೀಪಾವಳಿ ಕಳೆದು ಚೆಕಪ್‌ಗೆ ಹೋಗುವಾಗ ಸೂಪರ್ ಮಾರ್ಕೆಟ್‌ನಲ್ಲಿ ಆಟೋ ಇಳಿದೆವು. ಗಟಾರ ತೆಗೆದು ಕೆಸರನ್ನು ರಸ್ತೆ ಬದಿ ಗುಡ್ಡೆ ಹಾಕಿದ್ದರು. ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟೆ. ಇವರ ತೋಳು ಹಿಡಿದೆ.

"ರೀ, ನಾತ ಬರಾಕತ್ತದ. ನಿಮಗೂ ಬರಾಕತ್ತದೇನು?"

ಇವರು ಟವೆಲಿನಿಂದ ಮೂಗು ಮುಚ್ಚಿಕೊಂಡಿದ್ದರು. "ಇಡೀ ಬಜಾರಕ್ಕ ಬರಾಕತ್ತದ! ನಡಿ, ನಡಿ."

ನಾನು ನಡೆಯಲಿಲ್ಲ. ಎಲ್ಲರಿಗೂ ಬರುತ್ತಿದ್ದ ಆ ನಾತದಲ್ಲಿ ಸ್ವಲ್ಪ ಹೊತ್ತು ನಿಂತೇ ಇದ್ದೆ.

ಡಾಕ್ಟರು ಎಂಡೋಸ್ಕೋಪಿ ಮಾಡಿ, ಟಿವಿಯಲ್ಲಿ ನನ್ನ ಮುಖದ ಒಳಗನ್ನು ತೋರಿಸಿದರು. ಒದ್ದೆ, ಕೆಂಪು, ಖಾಲಿ. ಅಯೋಡಿನ್ ನೀರು ನಿಲ್ಲಿಸಿದರು, ಬರೀ ಉಪ್ಪುನೀರು ಸಾಕೆಂದರು. "ಪೂರಾ ಹೋತು ಅಂತ ನಾ ಹೇಳಂಗಿಲ್ಲ," ಎಂದೂ ಹೇಳಿದರು. ಆ ಪ್ರಾಮಾಣಿಕತೆಗೆ ನಾನು ಋಣಿ.

ಹಣ್ಣಿನ ಹದ ಈಗ ಅರ್ಧ ಮೂಗಿನಿಂದ, ಅರ್ಧ ಕೈಯಿಂದ ತಿಳಿಯುತ್ತೇನೆ. ಕೆಲವೊಮ್ಮೆ ತಪ್ಪುತ್ತದೆ. ಅವತ್ತು ಹಿಂದಿರುಗುವ ಬಸ್ಸಿನಲ್ಲಿ ಇವರಿಗೆ ಒಂದೇ ಮಾತು ಹೇಳಿದ್ದೆ.

"ಮತ್ತ ಬಂತಂದ್ರ ಮುಚ್ಚಿಡಬ್ಯಾಡ್ರಿ."

"ಇಲ್ಲ. ಹೇಳ್ತೀನಿ," ಎಂದಿದ್ದರು.

ಇನ್ನೂ ಹೇಳಿಲ್ಲ. ದಿನಾ ಬೆಳಿಗ್ಗೆ ಅವರ ಮುಖ ನೋಡುತ್ತೇನೆ.